ಸಾಂಬ್ರಾ ಗೇಟಿನ ತಗಡಿನ ಬಿಲ್ಲೆ

ಕಳೆದ ತಿಂಗಳು ತಂಗಿಯನ್ನು ಕರೆತರಲು ಸಾಂಬ್ರಾದ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಮಳೆ ಸಣ್ಣಗೆ ಜಿನುಗುತ್ತಿತ್ತು. ಈಗ ಅಲ್ಲಿ ಗಾಡಿ ಬಂದರೆ ತಾನಾಗಿಯೇ ಮೇಲೇಳುವ ಕಂಬ, ಚೀಟಿ ಉಗುಳುವ ಡಬ್ಬಿ, ಎಲ್ಲಿ ನೋಡಿದರೂ ಗಾಜು. ನನ್ನ ಬಾಜೂಕೆ ನಿಂತಿದ್ದ ಹಳೆಯ ಟ್ಯಾಕ್ಸಿಯೊಂದರ ಬಾಗಿಲು ತೆರೆಯಿತು ನೋಡಿ, ಒದ್ದೆ ಸೀಟು, ಡೀಸೆಲ್ಲು, ಊದಿನಕಡ್ಡಿ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಮಳೆಗಾಲ ಎದ್ದು ಕೂತಿತು. ಮಳೆಗಾಲ ನೆನೆದರೆ ಬೇರೆಯವರಿಗೆ ಮೈ ತಂಪಾಗುತ್ತದೇನೋ, ನನಗೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ. ಆ ಸಿಟ್ಟನ್ನು ನಾನು ಆರಲು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ವಾಸನೆಯೊಂದೇ ಆಗಿದ್ದರೆ ಮನೆಗೆ ಬಂದು ಚಹಾ ಕುಡಿದು ಮರೆಯುತ್ತಿದ್ದೆನೋ ಏನೋ. ಆದರೆ ಅಷ್ಟರಲ್ಲೇ ಎದುರಿಗೊಂದು ದೊಡ್ಡ ಕಾರು ಬಂದು ನಿಂತು, ಅದರಿಂದ ಬೆತ್ತ ಊರಿಕೊಂಡು ಒಬ್ಬ ಮುದುಕರು ಇಳಿದರು. ಚನ್ನಮಲ್ಲಪ್ಪ ಸಾವಕಾರರು! ಮೈ ಇಳಿದಿತ್ತು, ಬೆನ್ನು ಬಾಗಿತ್ತು, ಆದರೆ ಗದ್ದ ಮೇಲೆತ್ತಿ ನಿಲ್ಲುವ ಆ ಸೊಕ್ಕು ಹಾಗೆಯೇ ಇತ್ತು. ನಾನು ಗುರುತು ಹಿಡಿದೆ. ಅವರು ನನ್ನ ಗುರುತು ಹಿಡಿಯಲಿಲ್ಲ. ಇರಲಿ, ಅವರನ್ನು ಅಲ್ಲಿಯೇ ನಿಲ್ಲಿಸಿ ಮೊದಲಿನಿಂದ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಸುಮಾರಿಗೆ ಸಾಂಬ್ರಾ ಎಂದರೆ ಒಂದು ಸಣ್ಣ ಕಟ್ಟಡ, ಒಂದು ಗೇಟು, ಗೇಟಿನ ಹತ್ತಿರ ಒಂದು ತಗಡಿನ ಕೋಣೆ. ಆ ಕೋಣೆಯಲ್ಲಿ ಕೂತು ಗಾಡಿಗಳಿಗೆ ಪಾರ್ಕಿಂಗ್ ಚೀಟಿ ಹರಿದು ಕೊಡುವವಳು ನಾನು. ಬಿ.ಕಾಂ. ಮುಗಿಸಿದ್ದೆ, ಅವ್ವ ತೀರಿಹೋಗಿದ್ದಳು, ತಂಗಿ ಇನ್ನೂ ಓದುತ್ತಿದ್ದಳು. ಮುಂಬಯಿಯ ಒಂದು ಸಣ್ಣ ವಿಮಾನ ಬರಬೇಕು, ಹೋಗಬೇಕು, ಅಷ್ಟಕ್ಕೇ ಆ ದಿನದ ಗದ್ದಲ ಮುಗಿಯಬೇಕು. ಹೊರಗೆ ಬೇವಿನ ಗಿಡದ ಕೆಳಗೆ ಟ್ಯಾಕ್ಸಿಗಳ ಸಾಲು. ಅದರಲ್ಲಿ ನನ್ನಪ್ಪ ಶಿವಪ್ಪನ ಬಿಳಿ ಅಂಬಾಸಿಡರ್ ಎಲ್ಲಕ್ಕಿಂತ ಹಳೆಯದು.

ಆ ಸಾಲಿಗೆ ಒಂದು ಪದ್ಧತಿಯಿತ್ತು. ಒಬ್ಬೊಬ್ಬ ಡ್ರೈವರನಿಗೂ ಒಂದೊಂದು ತಗಡಿನ ಬಿಲ್ಲೆ, ಅದರ ಮೇಲೆ ಗಾಡಿಯ ನಂಬರು. ಬೆಳಿಗ್ಗೆ ಬಂದವನು ತನ್ನ ಬಿಲ್ಲೆಯನ್ನು ನನ್ನ ಕೋಣೆಯ ಹೊರಗಿನ ಹಲಗೆಯ ಮೊಳೆಗೆ ತೂಗುಹಾಕಬೇಕು. ಮೊದಲು ಯಾರ ಬಿಲ್ಲೆಯೋ ಅವನದೇ ಮೊದಲ ಪಾಳಿ. ಮುಂದಿನವನ ಬಿಲ್ಲೆಯನ್ನು ಸರಿಸಿ ತನ್ನದನ್ನು ತೂಗುಹಾಕಿದವನು ಒಬ್ಬನೂ ಇರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಮಳೆಗಾಲದಲ್ಲಿ ಮೋಡ ಕವಿದು ವಿಮಾನ ಇಳಿಯಲಾಗದೆ ಮೇಲೆಯೇ ಸುತ್ತು ಹೊಡೆದು ಗೋವಾಕ್ಕೆ ಹೋಗುತ್ತಿತ್ತು. ಆಗ ನಮ್ಮ ಗಾಡಿಗಳು ಖಾನಾಪುರ, ಲೋಂಡಾ, ಅನಮೋಡ ಘಾಟಿನ ಮೇಲೆ ಹೋಗಿ ಜನರನ್ನು ಕರೆತರಬೇಕು. ಹಾಗೆ ಕರೆತಂದವರನ್ನು ನೇರ ಮನೆಗೆ ಬಿಡುವಂತಿಲ್ಲ, ಮೊದಲು ಸಾಂಬ್ರಾ ಗೇಟಿಗೇ ತರಬೇಕು, ಯಾಕೆಂದರೆ ಅವರ ಮಂದಿ ಅಲ್ಲಿಯೇ ಕಾಯುತ್ತಿರುತ್ತಾರೆ. ಮೊಬೈಲು ಎಲ್ಲರ ಕೈಗೆ ಬಂದಿರದ ಕಾಲ ಅದು.

ಆ ವರ್ಷದ ಬೇಸಿಗೆಯಲ್ಲಿ ಪಾರ್ಕಿಂಗು, ಟ್ಯಾಕ್ಸಿ ಎರಡರ ಗುತ್ತಿಗೆಯೂ ಚನ್ನಮಲ್ಲಪ್ಪ ಸಾವಕಾರರಿಗೆ ಬಂತು. ಬಂದವರೇ ತಮ್ಮ ಹೊಸ ಸುಮೋಗಳನ್ನು ತಂದು ಗಿಡದ ನೆರಳಿಗೆ, ಸಾಲಿನ ಮುಂದೆ, ನಿಲ್ಲಿಸಿದರು. ಯಾರೂ ಉಸಿರೆತ್ತಲಿಲ್ಲ. ಅಪ್ಪ ಎತ್ತಿದ. “ಸಾವಕಾರ್ರ, ನಿಮ್ಮ ಗಾಡೀನೂ ನಿಂದರ್ಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಬಿಲ್ಲೆ ಹಾಕಿ ಪಾಳ್ಯಾಗ ನಿಂದರ್ಲಿ,” ಅಂದ. ಅಷ್ಟೇ ಅಂದದ್ದು. ಸಾವಕಾರರು ನಕ್ಕರು. ಆ ನಗೆಯನ್ನು ನಾನು ಕಿಡಕಿಯೊಳಗಿಂದ ನೋಡಿದೆ.

ಎಂಟು ದಿನ ಕಳೆದಿರಬೇಕು. ನೆಹರು ನಗರದ ಕಡೆಯ ಒಂದು ಕುಟುಂಬದ ಬ್ಯಾಗು ಕಾಣೆಯಾಯಿತು. ಅವರು ಎರಡು ಗಾಡಿ ಮಾಡಿಕೊಂಡು ಹೋಗಿದ್ದರು, ಒಂದು ಸುಮೋ, ಒಂದು ಅಪ್ಪನ ಅಂಬಾಸಿಡರ್. ಸಾವಕಾರರು ಸುಮೋದ ಬಾಗಿಲು ಕೂಡ ತೆರೆಸಲಿಲ್ಲ. ಅಪ್ಪನನ್ನು ಗೇಟಿನ ಮುಂದೆ ಕರೆಸಿದರು. ಎಲ್ಲ ಡ್ರೈವರ್‌ಗಳ ಎದುರಿಗೆ ಡಿಕ್ಕಿ ತೆಗೆಸಿದರು, ಸೀಟು ಕೀಳಿಸಿದರು, ಸ್ಟೆಪ್ನಿ ಇಳಿಸಿದರು, ಕೊನೆಗೆ ನಾನು ಬೆಳಿಗ್ಗೆ ಕಟ್ಟಿಕೊಟ್ಟಿದ್ದ ರೊಟ್ಟಿಯ ಬುತ್ತಿಯನ್ನೂ ಬಿಚ್ಚಿಸಿದರು. ಏನೂ ಸಿಗಲಿಲ್ಲ. “ಹಂಗಾರ ಮನ್ಯಾಗ ಇಟ್ಟು ಬಂದಾನ ಕಳ್ಳ,” ಅಂದರು. ಹಲಗೆಯಿಂದ ಅಪ್ಪನ ಬಿಲ್ಲೆ ಕಿತ್ತು ಗಟಾರಕ್ಕೆ ಒಗೆದರು.

ಅಪ್ಪ ರೊಟ್ಟಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದ. ನಾನು ಎಲ್ಲರೂ ಹೋಗುವ ತನಕ ಕಾದು, ಗಟಾರಕ್ಕೆ ಕೈ ಹಾಕಿ ಬಿಲ್ಲೆ ತೆಗೆದು, ತೊಳೆದು, ಚೀಲದಲ್ಲಿಟ್ಟುಕೊಂಡೆ. ಮೂರನೆಯ ದಿನಕ್ಕೆ ಆ ಬ್ಯಾಗು ಸಾವಕಾರರ ಸುಮೋದ ಹಿಂದಿನ ಸೀಟಿನ ಕೆಳಗೇ ಸಿಕ್ಕಿತು. ಸುಮೋದ ಡ್ರೈವರ್ ನಾಮದೇವ, ಖಾನಾಪುರದವನು, ತಾನೇ ತಂದುಕೊಟ್ಟ. ಸಾವಕಾರರು ಅದನ್ನು ಮಾಲಕರಿಗೆ ಮುಟ್ಟಿಸಿದರು, ನನ್ನ ಕಡೆ ತಿರುಗಿ, “ಆ ವಿಷಯ ಇಲ್ಲಿಗೆ ಬಿಡವಾ, ಮತ್ತ ಮತ್ತ ಕೆದರಬ್ಯಾಡ,” ಅಂದರು. ಅಯ್ಯ! ಕೆದರಿದವರು ಯಾರು? ಸಿಕ್ಕಿತು ಎಂದು ಒಬ್ಬನ ಮುಂದಾದರೂ ಬಾಯಿ ಬಿಟ್ಟು ಹೇಳಿದರೆ? ಇಲ್ಲ. ಹಾಗೆ ಹೇಳಿದರೆ ಅವರ ತಪ್ಪು ಅವರ ಗೇಟಿನಲ್ಲೇ ನಿಲ್ಲುತ್ತಿತ್ತಲ್ಲ. ನಾಮದೇವನಿಗೂ ಬಾಯಿ ಮುಚ್ಚಿಕೊಂಡಿರು ಎಂದು ಗದರಿಸಿದ್ದರು. ನಾನೊಬ್ಬಳೇ ಹೇಳಿದರೆ, ಮಗಳು ಅಪ್ಪನ ಪರ ಮಾತಾಡದೆ ಇರುತ್ತಾಳೆಯೇ ಅನ್ನುತ್ತಿದ್ದರು.

ನಾನು ಕೆಲಸ ಬಿಟ್ಟು ಬರುತ್ತೇನೆ ಎಂದು ಮನೆಯಲ್ಲಿ ಕುಣಿದಾಡಿದೆ. ಅಪ್ಪನೇ ತಡೆದ. “ಕುಂದ್ರು ಅಲ್ಲೇ. ನೀ ಎದ್ದು ಬಂದ್ರ, ನೋಡ್ರಿ ಅಪ್ಪ ಮಗಳು ಇಬ್ರೂ ಓಡಿ ಹೋದ್ರು, ಖರೇನ ಕಳ್ಳರು ಅಂತಾರ.” ಕೂತೆ. ಸಾವಕಾರರು ಎದುರಿಗೆ ಬಂದಾಗಲೆಲ್ಲ ನಮಸ್ಕಾರ ಅಂದೆ, ಒಳಗೊಳಗೆ ಹಲ್ಲು ಕಡಿದೆ.

ಮಹಾಂತೇಶ ನಗರದ ನಮ್ಮ ಮನೆಯ ಮುಂದೆ ಅಪ್ಪ ದಿನಾ ಬೆಳಿಗ್ಗೆ ಗಾಡಿ ತೊಳೆದು, ಒರೆಸಿ, ಒಳಗೆ ಕೂತು ಬಾಗಿಲು ಹಾಕಿಕೊಂಡು ಪೇಪರ್ ಓದುತ್ತಿದ್ದ. ಚಾವಿ ತಿರುಗಿಸುತ್ತಿರಲಿಲ್ಲ. ಮಳೆ ಹತ್ತಿದ ಮೇಲೂ ಅಷ್ಟೇ, ಗಾಜಿನ ಮೇಲೆ ನೀರು ಸುರಿಯುತ್ತಿದ್ದರೆ ಒಳಗೆ ಅವನು. ಬಾಜೂ ಮನೆಯ ಗುರವ್ವಕಾಕು ತಮ್ಮ ಯಜಮಾನರನ್ನು ದವಾಖಾನೆಗೆ ಕರೆದೊಯ್ಯಲು ಒಂದು ದಿನ ಅವನ ಗಾಡಿಯನ್ನೇ ಹತ್ತಿದರು. ಮೊದಲೆಲ್ಲ ಚೀಲ, ಛತ್ರಿ, ಊಟದ ಡಬ್ಬಿ ಎಲ್ಲ ಗಾಡಿಯಲ್ಲೇ ಬಿಟ್ಟು ಇಳಿಯುತ್ತಿದ್ದವರು. ಆ ದಿನ ಎಲ್ಲವನ್ನೂ ಎತ್ತಿಕೊಂಡು ಇಳಿದರು, ಡಬ್ಬಿಯನ್ನೂ. ಅಪ್ಪ ಮನೆಗೆ ಬಂದು ನನಗೆ ಅದನ್ನೊಂದೇ ಹೇಳಿದ. “ಡಬ್ಬೀನೂ ಒಯ್ದಳವಾ,” ಅಂದ. ಆ ರಾತ್ರಿ ಅವನು ಉಣ್ಣಲಿಲ್ಲ. ನನ್ನಪ್ಪನ ಹೆಸರನ್ನು ಆ ಗೇಟಿನಲ್ಲೇ ವಾಪಸು ಪಡೆಯದೆ ಬಿಡುವವಳಲ್ಲ ನಾನು ಎಂದು ಅವತ್ತೇ ನಿರ್ಧಾರ ಮಾಡಿದೆ.

ಇತ್ತ ಸಾವಕಾರರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಡ್ರೈವರ್‌ಗಳು ಕದ್ದು ಬಾಡಿಗೆ ಹೊಡೆಯುತ್ತಾರೆಂದು ಹೊಸ ಕಾನೂನು ತಂದರು. ತಮ್ಮ ಸಹಿಯ ಚೀಟಿಯಿಲ್ಲದೆ ಸುಮೋ ಇರಲಿ, ಸಾಲಿನ ಟ್ಯಾಕ್ಸಿ ಇರಲಿ, ಯಾವ ಗಾಡಿಯೂ ಗೇಟು ದಾಟುವಂತಿಲ್ಲ. ಒಮ್ಮೆ ಅವರೇ ಫೋನಿನಲ್ಲಿ, “ನಾಮದೇವನ ಕಳಸು,” ಎಂದು ನನಗೆ ಹೇಳಿದರು, ಕಳಿಸಿದೆ. ಸಂಜೆಗೆ ಬಂದು, ತಾವು ಹಾಗೆ ಹೇಳಿಯೇ ಇಲ್ಲ ಎಂದು ಅವನನ್ನು ಎಲ್ಲರ ಎದುರಿಗೆ ಹಿಗ್ಗಾಮುಗ್ಗಾ ಬೈದು ಎಂಟು ದಿನ ಮನೆಯಲ್ಲಿ ಕೂಡಿಸಿದರು. ಅಂದಿನಿಂದ ಡ್ರೈವರ್‌ಗಳೆಲ್ಲ ಒಂದಾದರು. ಬಾಯಿಮಾತಿಗೆ ಚಾವಿ ಹಾಕುವುದಿಲ್ಲ, ಚೀಟಿ ಬರಲಿ.

ಆಷಾಢ ಮುಗಿಯುತ್ತ ಬಂದಿತ್ತು. ಸಾವಕಾರರ ಕಿರಿಮಗಳಿಗೆ ಮುಂಬಯಿಯಲ್ಲಿ ಸಂಬಂಧ ಕೂಡಿ ಬಂದು, ಬೀಗರಾಗುವವರನ್ನು ಮನೆ ತೋರಿಸಲು ಕರೆತರುತ್ತೇನೆಂದು ಸಾವಕಾರರೇ ಹೋಗಿದ್ದರು. ವಿಮಾನದಲ್ಲೇ ಕರೆತರುವುದು! ಗೇಟಿನಲ್ಲಿ ಅವರ ಹೆಂಡತಿ, ತಮ್ಮಂದಿರು, ಅಳಿಯಂದಿರು ಮಾಲೆ ಹಿಡಿದು ಬಂದು ನಿಂತಿದ್ದರು. ಸುಮೋಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಇಷ್ಟೆಲ್ಲ ತಯಾರಿ ಮಾಡಿದವರು ನಾಲ್ಕು ಚೀಟಿಗೆ ಸಹಿ ಮಾಡಿಟ್ಟು ಹೋಗುವುದನ್ನು ಮಾತ್ರ ಮಾಡಿರಲಿಲ್ಲ. ಯಾಕೆ ಮಾಡುತ್ತಾರೆ, ಹಾಗೆ ಇಟ್ಟುಹೋದರೆ ನಾವು ಕದಿಯುತ್ತೇವಲ್ಲ!

ಹೊತ್ತು ಏರುವಷ್ಟರಲ್ಲಿ ಮೋಡ ನೆಲಕ್ಕೆ ಬಂದು ಕೂತಿತು. ವಿಮಾನದ ಸಪ್ಪಳ ತಲೆಯ ಮೇಲೆಯೇ ಕೇಳಿಸಿತು, ಕಾಣಲಿಲ್ಲ. ಒಂದು ಸುತ್ತು ಹೊಡೆಯಿತು, ಮತ್ತೊಂದು. ಎಲ್ಲರೂ ಕತ್ತೆತ್ತಿ ನಿಂತಿದ್ದೆವು. ಆಮೇಲೆ ಸಪ್ಪಳ ಪಡುವಣದ ಕಡೆ ಕರಗಿತು. “ಗೇಲಂ ಗೋವ್ಯಾಲಾ,” ಅಂದ ನಾಮದೇವ ತನ್ನ ಮರಾಠಿಯಲ್ಲಿ. ಹೋಯಿತು ಗೋವಾಕ್ಕೆ.

ಸ್ವಲ್ಪ ಹೊತ್ತಿಗೆ ನನ್ನ ಕೋಣೆಯ ಫೋನು ಬಡಿದುಕೊಂಡಿತು. ಗೋವಾದಿಂದ ಸಾವಕಾರರು. ಬೆನ್ನ ಹಿಂದೆ ಬೀಗರು ನಿಂತಿರಬೇಕು, ದನಿ ಬಹಳ ನಯವಾಗಿತ್ತು. “ಶಕ್ಕವಾ, ಒಂದು ಸುಮೋ ಕಳಸು ಲಗೂನ. ವಿಮಾನದ ಕಂಪನಿಯವರು ಎಲ್ಲಾರ್ನೂ ಬಸ್ಸಿನಾಗ ಕಳಸ್ತೀವಿ ಅನ್ನಾಕತ್ತಾರ, ನಮ್ಮ ಬೀಗರನ ಬಸ್ಸಿನಾಗ ಹೆಂಗ ಕರಕೊಂಡು ಬರ್ಲಿ?”

“ಚೀಟಿ ಎಲ್ಲಿ ಐತ್ರಿ, ಸಾವಕಾರ್ರ?”

“ಏ, ನಾನ ಹೇಳಾಕತ್ತೀನಲ್ಲ!”

“ನೀವ ಹೇಳಿದ್ರಂತ ಹೋಗಿ ನಾಮದೇವ ಎಂಟು ದಿವಸ ಮನ್ಯಾಗ ಕುಂತನಲ್ರಿ. ಚಾವಿ ಹಾಕವಲ್ರು ಯಾರೂ.”

ಫೋನನ್ನು ನಾಮದೇವನ ಕಡೆ ಹಿಡಿದೆ. ಅವನು ದೂರದಿಂದಲೇ ಕೂಗಿದ, “ಚಿಟ್ಠೀ ನಾಹೀ, ತರ್ ಗಾಡೀ ನಾಹೀ, ಸಾವಕಾರ!” ಚೀಟಿಯಿಲ್ಲದಿದ್ದರೆ ಗಾಡಿಯೂ ಇಲ್ಲ. ನನಗೆ ಹೊಟ್ಟೆ ತುಂಬಾ ಹಾಲು ಕುಡಿದಷ್ಟು ಸುಖವಾಯಿತು. ಸಾವಕಾರರು ಅತ್ತ ಕಡೆ ಉಸಿರು ಬಿಡುವುದು ಕೇಳಿಸುತ್ತಿತ್ತು. ಗೋವಾದ ಟ್ಯಾಕ್ಸಿಯವರು ಆ ಮಳೆಯಲ್ಲಿ ಘಾಟು ಹತ್ತಲು ಒಲ್ಲೆ ಎಂದಿದ್ದರಂತೆ. ಕೊನೆಗೆ, “ಯಾವ್ದರ ಒಂದು ಗಾಡಿ ಕಳಸು, ತಾಯಿ,” ಅಂದರು.

“ಚೀಟಿ ಬೇಡದ್ದು ಒಂದು ಗಾಡಿ ಐತ್ರಿ. ಕಳಸ್ತೀನಿ,” ಅಂದೆ. ಯಾರದು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಕೋಣೆಗೆ ಬೀಗ ಹಾಕಿ, ಆಟೋ ಮಾಡಿಕೊಂಡು ಮನೆಗೆ ಹೋದೆ. ಅಪ್ಪ ಗಾಡಿಯೊಳಗೆ ಕೂತಿದ್ದ. ಹೇಳಿದೆ. ಅವನು ಪೇಪರನ್ನು ನಿಧಾನಕ್ಕೆ ಮಡಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟ. “ಹೋಗೂಣು,” ಅಂದ. “ನಾನೂ ಬರ್ತೀನಿ, ಹೆಣ್ಮಕ್ಕಳದಾರ ಗಾಡ್ಯಾಗ,” ಅಂದೆ. ಹೆಣ್ಮಕ್ಕಳ ನೆವವೆಲ್ಲ ಸುಳ್ಳು. ಅಪ್ಪನನ್ನು ನೋಡಿದಾಗ ಸಾವಕಾರರ ಮುಖ ಏನಾಗುತ್ತದೆಂದು ನಾನು ನೋಡಬೇಕಿತ್ತು.

ನೋಡಿದೆ. ಗೋವಾದ ನಿಲ್ದಾಣದ ಮುಂದೆ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಬೀಗರಾಗುವ ಹಿರಿಯರು, ಅವರ ಹೆಂಡತಿ, ಸಾವಕಾರರು ಮೂವರೇ ಬ್ಯಾಗುಗಳ ನಡುವೆ ನಿಂತಿದ್ದರು. ನಮ್ಮ ಅಂಬಾಸಿಡರ್ ಹತ್ತಿರ ಬಂದು ನಿಂತಾಗ ಸಾವಕಾರರ ಬಾಯಿ ಅರ್ಧ ತೆರೆದು ಹಾಗೇ ಉಳಿಯಿತು. ಬೀಗರ ಮುಂದೆ ಏನೆನ್ನುತ್ತಾರೆ? ಅಪ್ಪ ಇಳಿದು ಎಲ್ಲ ಬ್ಯಾಗನ್ನೂ ಡಿಕ್ಕಿಗೆ ಹಾಕಿ, ಮುಂದಿನ ಬಾಗಿಲು ತೆರೆದು, “ಕುಂದರ್ರಿ, ಸಾವಕಾರ್ರ,” ಅಂದ. ಘಾಟು ಹತ್ತಿ ಮುಗಿಯುವವರೆಗೆ ಅವರು ಅಪ್ಪನ ಪಕ್ಕದಲ್ಲಿ ಬಾಗಿಲಿಗೆ ಅಂಟಿಕೊಂಡು ಕೂತಿದ್ದರು. ನಾನು ಹಿಂದೆ ಬೀಗರ ಹೆಂಡತಿಯ ಬಾಜೂಕೆ ಕೂತು ಅವರ ಕತ್ತಿನ ಬೆವರು ನೋಡುತ್ತ ಬಂದೆ. ಹೊರಗೆ ಘಾಟಿನ ಮಳೆ, ಒಳಗೆ ಒದ್ದೆ ಸೀಟಿನ ವಾಸನೆ.

ಖಾನಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಬೀಗರು ಮರ್ಯಾದಸ್ಥರು, ಅಪ್ಪನಿಗೂ ಒಂದು ಕಪ್ಪು ತರಿಸಿದರು. “ಮಳ್ಯಾಗ ಛಲೋ ಹೊಡದ್ರಿ ಗಾಡಿ. ಸಾವಕಾರ್ರ ಹತ್ರ ಎಷ್ಟು ವರ್ಷ ಆತು?” ಎಂದು ಕೇಳಿದರು.

ಅಪ್ಪ ಬಸಿಗೆ ಚಹಾ ಸುರುವಿ ಊದುತ್ತ, “ನಾ ಅವರ ಹತ್ರ ಇಲ್ರಿ. ಬ್ಯಾಗು ಕದ್ದೀನಂತ ಬೇಸಿಗ್ಯಾಗ ಹೊರಗ ಹಾಕ್ಯಾರ್ರಿ,” ಅಂದ. ಇವತ್ತು ಮಳೆ ಜೋರೈತಿ ಎನ್ನುವಷ್ಟೇ ಸಪ್ಪಗೆ ಅಂದ.

ಸಾವಕಾರರ ಕಪ್ಪಿನ ಚಹಾ ಧೋತರದ ಮೇಲೆ ಚೆಲ್ಲಿತು. ಬೀಗರು ಅಪ್ಪನನ್ನು ನೋಡಿದರು, ಸಾವಕಾರರನ್ನು ನೋಡಿದರು. ಬೀಗರ ಹೆಂಡತಿ ಮಾತ್ರ ಗಾಡಿಗೆ ಹೋಗಿ ಸೀಟಿನ ಮೇಲಿದ್ದ ತಮ್ಮ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಪ್ಪ ಅದನ್ನು ಕಂಡ. ಬಸಿ ಖಾಲಿ ಮಾಡಿದ.

ಸಾವಕಾರರು ನನ್ನನ್ನು ಹೋಟೆಲಿನ ಮೂಲೆಗೆ ಕರೆದರು. “ಏನ್ ಮಾಡಾಕ ಹೊಂಟೀರಿ ಅಪ್ಪ ಮಗಳು? ನಾಳಿಂದ ಪಾಳ್ಯಾಗ ನಿಂದರ್ಲಿ ಬಿಡು ನಿಮ್ಮಪ್ಪ. ಮುಗೀತಿಲ್ಲ?”

ಹಿಂದೆಯೇ ಬಂದು ನಿಂತಿದ್ದ ಅಪ್ಪ ಹೇಳಿದ, “ಎಲ್ಲಿ ಕಸಗೊಂಡ್ರಿ, ಅಲ್ಲೇ ಕೊಡಬೇಕ್ರಿ.”

ಉದ್ಯಮಬಾಗ ದಾಟಿ ಊರೊಳಗೆ ಬಂದಾಗ, “ಮನಿ ಕಡೆ ತಗೋ, ಶಿವಪ್ಪಾ,” ಎಂದು ಸಾವಕಾರರು ಮೆಲ್ಲಗೆ ಅಂದರು. ಅಪ್ಪ ಗಾಡಿ ತಿರುಗಿಸಲಿಲ್ಲ. “ಗೇಟಿಗೆ ಮುಟ್ಟಿಸೂದು ಪದ್ಧತಿರಿ. ನಿಮ್ಮ ಮಂದಿ ಕಾಯಾಕತ್ತಾರ,” ಅಂದ.

ಕಾಯುತ್ತಿದ್ದರು. ದೀಪ ಹಚ್ಚುವ ಹೊತ್ತು, ಮಾಲೆಗಳು ನೆನೆದು ಜೋತುಬಿದ್ದಿದ್ದವು. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಸಾಲಿನ ಡ್ರೈವರ್‌ಗಳೆಲ್ಲ ಛತ್ರಿ, ಗೋಣಿ ಹೊದ್ದು ಗೇಟಿಗೆ ಬಂದಿದ್ದರು. ಒಬ್ಬನೂ ಮನೆಗೆ ಹೋಗಿರಲಿಲ್ಲ. ಅಪ್ಪ ಗಾಡಿಯನ್ನು ಬೇಸಿಗೆಯಲ್ಲಿ ನಿಲ್ಲಿಸಿದ್ದ ಜಾಗದಲ್ಲೇ ತಂದು ನಿಲ್ಲಿಸಿದ. ಇಳಿದು ಡಿಕ್ಕಿ ತೆರೆದ. ಮಾಲೆ ಹಿಡಿದು ಮುಂದೆ ಬಂದವರಿಗೆ ಕೈ ಅಡ್ಡ ಹಿಡಿದ.

“ಎಣಿಸ್ರಿ, ಸಾವಕಾರ್ರ.”

“ಏ, ಇರ್ಲಿ ಬಿಡು ಮಾರಾಯಾ. ನಂಬಿಕಿ ಐತಿ.”

“ನಂಬಿಕಿ ಬ್ಯಾಡ್ರಿ. ಎಣಿಸ್ರಿ. ನನ್ನ ಗಾಡ್ಯಾಗ ಬಂದಾವು.”

ಸಾವಕಾರರು ಸುತ್ತ ನೋಡಿದರು. ಹೆಂಡತಿ, ತಮ್ಮಂದಿರು, ಅಳಿಯಂದಿರು, ಡ್ರೈವರ್‌ಗಳು. ಎಣಿಸದೆ ದಾರಿಯಿರಲಿಲ್ಲ. ಮಳೆಯಲ್ಲಿ ನಿಂತು, ಒಂದೊಂದೇ ಬ್ಯಾಗನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. “ಸರಿ ಅದಾವು,” ಅಂದರು.

ಆಗ ಬೀಗರು ಬಾಯಿ ಬಿಟ್ಟರು. ಖಾನಾಪುರದಿಂದಲೂ ಅದನ್ನೇ ಅಗಿಯುತ್ತಿದ್ದರೇನೋ. “ಸಾವಕಾರ್ರ, ಬೇಸಿಗ್ಯಾಗ ಹೋತಂತಲ್ಲ, ಆ ಬ್ಯಾಗು ಸಿಗ್ಲೇ ಇಲ್ಲೇನ್ರಿ?”

ಸಾವಕಾರರು ನೆಲ ನೋಡಿದರು. ನಾಮದೇವ ಎರಡು ಹೆಜ್ಜೆ ಮುಂದೆ ಬಂದು ಅವರ ಎದುರಿಗೇ ನಿಂತ. “ಸಿಕ್ತು,” ಅಂದರು ಸಾವಕಾರರು.

“ಎಲ್ಲಿ?”

ತುಟಿ ಅಲ್ಲಾಡಿತು, ಏನೋ ಅಂದರು. ನನಗೆ ಚೆನ್ನಾಗಿ ಕೇಳಿಸಿತ್ತು. ಆದರೂ ಗಟ್ಟಿಯಾಗಿ ಅಂದೆ, “ಕೇಳಸ್ಲಿಲ್ರಿ, ಸಾವಕಾರ್ರ. ಮಳಿ ಸಪ್ಪಳ ಭಾಳ ಐತಿ.”

“ನಮ್ಮ ಸುಮೋದಾಗ ಸಿಕ್ತು!” ಎಂದು ಕಿರುಚಿದರು. “ನಮ್ಮ ಸುಮೋದಾಗ ಇತ್ತು. ಶಿವಪ್ಪ ತಗೊಂಡಿದ್ದಿಲ್ಲ.”

ಚೀಲದಿಂದ ಬಿಲ್ಲೆ ತೆಗೆದು ಅವರ ಕೈಗಿಟ್ಟೆ. ಹೇಳಬೇಕಾಗಿರಲಿಲ್ಲ, ಅವರಿಗೆ ತಿಳಿಯಿತು. ಒದ್ದೆಯಾದ ಹಲಗೆಯ ಹತ್ತಿರ ಹೋಗಿ ಅದನ್ನು ಮೊದಲ ಮೊಳೆಗೆ ತೂಗುಹಾಕಿದರು. ಬೀಗರ ಹೆಂಡತಿ ತಮ್ಮ ಕೈಚೀಲವನ್ನು ಅಂಬಾಸಿಡರ್ ಸೀಟಿನ ಮೇಲಿಟ್ಟು, ಇಳಿದು, ಅಪ್ಪನಿಗೆ ಕೈ ಮುಗಿದರು. ಅಪ್ಪ ಅತ್ತ. ಅವ್ವ ಹೋದಾಗಲೂ ಅಳದಿದ್ದವನು ಗಾಡಿಯ ಬಾನೆಟ್ ಹಿಡಿದುಕೊಂಡು ಅತ್ತ. ನನಗೆ ಅಳು ಬರಲಿಲ್ಲ. ಸಾವಕಾರರ ಮುಖವನ್ನೇ ನೋಡುತ್ತಿದ್ದೆ, ಕಣ್ಣು ತುಂಬಾ.

ಮರುದಿನ ನಾನೇ ಕೋಣೆಯ ಚಾವಿಯನ್ನು ಅವರ ಮೇಜಿನ ಮೇಲೆ ಒಗೆದು ಬಂದೆ. ಮಗಳ ಮದುವೆ ಆಯಿತು, ಆ ಹುಡುಗಿಯ ಮೇಲೆ ನನಗೆ ಏನೂ ಇರಲಿಲ್ಲ. ಮದುವೆಯಲ್ಲಿ ಬೀಗರ ಕಡೆಯವರು ಸಾವಕಾರರ ಒಂದು ಸುಮೋವನ್ನೂ ಹತ್ತಲಿಲ್ಲವೆಂದು ನಾಮದೇವ ಬಂದು ಹೇಳಿದಾಗ ಅವನಿಗೆ ಶಿರಾ ಮಾಡಿ ತಿನ್ನಿಸಿದೆ. ಅಪ್ಪ ಗೇಟಿನ ಸಾಲಿಗೆ ಮರಳಿ, ಕೈಲಾಗುವವರೆಗೂ ಗಾಡಿ ಹೊಡೆದ. ಶ್ರಾವಣದಲ್ಲಿ ಗುರವ್ವಕಾಕು ಮತ್ತೊಮ್ಮೆ ದವಾಖಾನೆಗೆ ಅವನ ಗಾಡಿಯಲ್ಲಿ ಹೋದರು. ಊಟದ ಡಬ್ಬಿಯನ್ನು ಸೀಟಿನ ಮೇಲೆ ಬಿಟ್ಟೇ ಇಳಿದರು.

ಈಗ ಅಪ್ಪ ಇಲ್ಲ. ಕಳೆದ ತಿಂಗಳು ಸಾಂಬ್ರಾದಲ್ಲಿ ಆ ಮುದುಕರು ಕಾರಿನಿಂದ ಇಳಿದು, ಡ್ರೈವರ್ ಕೆಳಗಿಟ್ಟ ಬ್ಯಾಗುಗಳನ್ನು ಬೆತ್ತದ ತುದಿಯಿಂದ ಎಣಿಸುತ್ತಿದ್ದರು. ನಾನು ಹತ್ತಿರ ಹೋದೆ. “ಎಲ್ಲಾ ಸರಿ ಅದಾವೇನ್ರಿ, ಸಾವಕಾರ್ರ?”

ಕಣ್ಣು ಕಿರಿದು ಮಾಡಿ ನೋಡಿದರು. “ಯಾರವಾ ನೀ?”

“ಶಿವಪ್ಪನ ಮಗಳ್ರಿ.”

ಬ್ಯಾಗು ಎಣಿಸುತ್ತಿದ್ದ ಬೆತ್ತ ನಿಂತಿತು. ನಾನು ಏನನ್ನೂ ಕೇಳಿರಲಿಲ್ಲ. ಆದರೂ ಆ ಮುದುಕರು ತಾವಾಗಿಯೇ, ಸಣ್ಣ ದನಿಯಲ್ಲಿ, “ಅದು ನಮ್ಮ ಸುಮೋದಾಗ ಸಿಕ್ಕಿತ್ತವಾ,” ಅಂದರು.

ಮಳೆ ಅಷ್ಟೊತ್ತಿಗೆ ಪೂರ್ತಿ ನಿಂತಿತ್ತು. ಎಲೆಯಿಂದ ಹನಿ ಬೀಳುವುದೂ ಕೇಳಿಸುತ್ತಿತ್ತು.

“ಕೇಳಸ್ಲಿಲ್ರಿ, ಸಾವಕಾರ್ರ,” ಅಂದೆ.